ಕೊನೇ ಬೆಂಚು ಇಲ್ಲದ ಸ್ಕೂಲು

೧೨ ನವೆಂಬರ್ ೨೦೦೫, ಶನಿವಾರ

ಬಸ್ಸು ಮತ್ತೆ ಲೇಟು. ಡ್ರೈವರ್ ಕುಂಞಾಲಿಯನ್ನು ಕೇಳಿದರೆ ರೌಂಡ್‌ಅಬೌಟ್ ಹತ್ತಿರ ಒಂಟೆ ಅಡ್ಡ ಬಂತು ಅಂದ. ಹೋದ ಶನಿವಾರವೂ ಒಂಟೆಯೇ. ಗುರುವಾರ-ಶುಕ್ರವಾರ ರಜೆಯ ಈ ಒಮಾನಿನಲ್ಲಿ ವಾರದ ಮೊದಲ ದಿನಕ್ಕೂ ಒಂಟೆಗೂ ಏನು ನಂಟೋ.

ಅಸೆಂಬ್ಲಿ. ಪ್ರೇಯರ್ ಹೇಳಿಸಿದ್ದು ದಿಶಾ. ನ್ಯೂಸ್ ಓದಿದ್ದು ದಿಶಾ. ಎಲ್‌ಕೆಜಿ ಮಗುವೊಂದು ವಾಂತಿ ಮಾಡಿಕೊಂಡಿತು — ಎತ್ತಿಕೊಂಡು ಹೋಗಿ ಬಾಯಿ ತೊಳೆಸಿದ್ದೂ ದಿಶಾ. ನನ್ನ ಮಗಳು ಅಂತ ಅಲ್ಲ, ಇಡೀ ಸ್ಕೂಲಿಗೆ ದೊಡ್ಡ ಬ್ಯಾಚು ಅವಳದು. ಎಂಟನೇ ಕ್ಲಾಸೇ ನಮ್ಮಲ್ಲಿ ಕೊನೆ. ಅವಳು ಮೂರನೇ ಕ್ಲಾಸಿಗೆ ಬಂದಾಗ ನಾವು ನಾಲ್ಕು ಮನೆಯವರು ಸೇರಿ ಇಬ್ರಿ ಬಜಾರಿನ ಹಿಂದೆ ಈ ವಿಲ್ಲಾ ಬಾಡಿಗೆಗೆ ಹಿಡಿದೆವು. ಪೋಷಕರೇ ಕಟ್ಟಿದ್ದು, ಪೋಷಕರೇ ನಡೆಸುವುದು; ಗಣಿತದ ಪಾಠ ನನ್ನದು. ಆಮೇಲೆ ವರ್ಷಕ್ಕೊಂದು ಕ್ಲಾಸು. ಅವಳ ಬ್ಯಾಚು ಒಂದು ಮೆಟ್ಟಿಲು ಹತ್ತಿದರೆ ಸ್ಕೂಲೂ ಒಂದು ಮೆಟ್ಟಿಲು. ಹಾಗಾಗಿ ಅವಳಿಗೆ ಸೀನಿಯರ್ ಅನ್ನುವವರೇ ಇಲ್ಲ, ಯಾವತ್ತೂ.

ಊರಿನವರಿಗೆಲ್ಲ ಇದು ‘ವಿಲ್ಲಾ ಸ್ಕೂಲ್’. ಗ್ಯಾರೇಜು ಎಲ್‌ಕೆಜಿ. ಅಡುಗೆಮನೆ ಸ್ಟಾಫ್ ರೂಮು. ಕೆಳಗಿನ ಬಾತ್‌ಟಬ್ಬಿನ ತುಂಬ ಫುಟ್‌ಬಾಲು. ಎಂಟನೇ ಕ್ಲಾಸು ಮಹಡಿಯ ಸಣ್ಣ ಬೆಡ್‌ರೂಮಿನಲ್ಲಿ — ಎರಡು ಬೆಂಚು, ಎಂಟು ಮಕ್ಕಳು, ಕೈ ಚಾಚಿದರೆ ಬೋರ್ಡು. ಆದರೂ ಹೋದ ತಿಂಗಳು ಮಸ್ಕತ್ತಿನ ದೊಡ್ಡ ದೊಡ್ಡ ಸ್ಕೂಲುಗಳನ್ನೆಲ್ಲ ಹಿಂದೆ ಹಾಕಿ ಮ್ಯಾತ್ಸ್ ಕ್ವಿಜ್ ಕಪ್ಪು ಹೊತ್ತು ತಂದವು ಇವೇ ಮಕ್ಕಳು. ಕಪ್ಪು ಫ್ರಿಜ್ಜಿನ ಮೇಲಿದೆ. ಬೇರೆ ಜಾಗವಿಲ್ಲ.

ಸಂಜೆ ಕಮಿಟಿ. ಡಾಕ್ಟರ್ ಹೆರಾಲ್ಡ್ — ನಮ್ಮ ಪ್ರೆಸಿಡೆಂಟು, ಹಲ್ಲಿನ ಡಾಕ್ಟರು — ಹೇಳಿದರು, ದಿಲ್ಲಿಯ ಬೋರ್ಡಿನವರು ಜನವರಿಯಲ್ಲಿ ಇನ್‌ಸ್ಪೆಕ್ಷನ್‌ಗೆ ಬರುತ್ತಾರಂತೆ. ಪಾಸಾದರೆ ಏಪ್ರಿಲ್‌ನಿಂದ ಒಂಬತ್ತನೇ ಕ್ಲಾಸು. ಇಲ್ಲದಿದ್ದರೆ ಈ ಎಂಟು ಮಕ್ಕಳೂ ಬ್ಯಾಗು ಕಟ್ಟಬೇಕು. ಇಬ್ರಿಯಲ್ಲಿ ಎಷ್ಟು ಮನೆ ಹೀಗೆ ಒಡೆದಿದ್ದನ್ನು ನೋಡಿಲ್ಲ ನಾನು! ಅಪ್ಪ ಇಲ್ಲಿ, ಅಮ್ಮ-ಮಕ್ಕಳು ಊರಲ್ಲಿ, ನಡುವೆ ಒಂದು ಫೋನ್ ಕಾರ್ಡು. ನಮ್ಮ ಮನೆ ಹಾಗಾಗಬಾರದು. ನನಗೆ ಬೇಕಾಗಿರುವುದು ಇಷ್ಟೇ. ಇದಕ್ಕೇ ಈ ಸ್ಕೂಲು.

ದಿಶಾ ಟಿವಿಗೆ ಮೂಗು ತಾಗಿಸಿಕೊಂಡು ಕೂತಿದ್ದಾಳೆ. ಹಿಂದೆ ಸರಿ ಅಂದರೆ ಸರಿಯುತ್ತಾಳೆ, ಒಂದು ಗಳಿಗೆ ಬಿಟ್ಟು ನೋಡಿದರೆ ಮತ್ತೆ ಅಲ್ಲೇ. ಹೇಳಿ ಹೇಳಿ ಬಾಯಿ ಸೋತಿತು.

೧೮ ನವೆಂಬರ್, ಶುಕ್ರವಾರ

ಕೊಗ್ಗ ಅವರ ಮನೆಗೆ ಹೋಗಿ ಬಂದೆ. ಕೊಗ್ಗ ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸ್ಟೋರ್ ಇನ್‌ಚಾರ್ಜ್. ಮಗಳು ಅಕ್ಷಯಾ ದಿಶಾಳ ಕ್ಲಾಸೇ. ಬಾಗಿಲು ತೆಗೆದವಳು ಅವರ ಹೆಂಡತಿ ಉಮಾವತಿ. ಸೋಫಾದ ಮೇಲೆ ಆಗಲೇ ಎರಡು ಸೂಟ್‌ಕೇಸು ಬಾಯಿ ತೆರೆದು ಕೂತಿದ್ದವು.

“ಎಂತ ಮಾಡುದು ಮಿಸ್,” ಅಂದಳು. “ಮಾರ್ಚಿಗೆ ನಾನೂ ಅಕ್ಷಯಾನೂ ಊರಿಗೆ. ಉಡುಪಿಯಲ್ಲಿ ಸೀಟಿಗೆ ಹೇಳಿ ಆಗಿದೆ. ಬಾಡಿಗೆ ಮನೆಯೂ ನೋಡಿ ಇಟ್ಟಿದ್ದಾರೆ ನನ್ನ ಅಣ್ಣ.”

“ಕೊಗ್ಗ ಅವರು?”

“ಅವರು ಇಲ್ಲೇ. ಬ್ಯಾಚುಲರ್ಸ್ ರೂಮಿಗೆ ಹೋಗ್ತಾರಂತೆ.”

ಕೊಗ್ಗ ಗೋಡೆ ನೋಡುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಒಂಬತ್ತನೇ ಕ್ಲಾಸು ಬಂದೇ ಬರುತ್ತೆ ಅಂದೆ. ಬರದಿದ್ದರೆ ಅಂದಳು. ಬರುತ್ತೆ ಅಂದೆ.

“ನೋಡಿ ಉಮಾವತಿ, ನನ್ನ ಮಗಳನ್ನೇ ಇಲ್ಲಿ ಓದಿಸ್ತೀನಿ. ಗಣಿತ ನಾನೇ ಮಾಡ್ತೀನಿ. ದಿಶಾ ಎಲ್ಲಿ ಓದ್ತಾಳೋ ಅಕ್ಷಯಾನೂ ಅಲ್ಲೇ. ಇನ್ನೇನು ಬೇಕು ನಿಮಗೆ?”

ಉಮಾವತಿ ಗಂಡನ ಮುಖ ನೋಡಿದಳು. ಎದ್ದು ಹೋಗಿ ಅಲ್ಲೇ ನನ್ನೆದುರಿಗೇ ಊರಿಗೆ ಫೋನ್ ಹಚ್ಚಿದಳು. “ಅಣ್ಣಾ, ಆ ಇಲ್ಲ್ ಬೊಡ್ಚಿ” ಅಂದಳು. ಆ ಮನೆ ಬೇಡ ಅಂತ. ಇಷ್ಟು ವರ್ಷದಲ್ಲಿ ಅಷ್ಟು ತುಳು ನನಗೂ ಬರುತ್ತದೆ. ಕೊಗ್ಗ ಎದ್ದು ಸೂಟ್‌ಕೇಸುಗಳನ್ನು ಮುಚ್ಚಿ ಮಂಚದ ಕೆಳಗೆ ತಳ್ಳಿದರು. ಆ ಮನುಷ್ಯನ ಮುಖ ಅಷ್ಟು ಹಗುರಾಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಇನ್ನೂ ಎರಡು ಮನೆಗೆ ಹೋದೆ. ಅದೇ ಮಾತು ಹೇಳಿದೆ. ದಿಶಾ ಹೆಸರು ಹೇಳಿದರೆ ಸಾಕು, ಎಲ್ಲರಿಗೂ ಧೈರ್ಯ. ಗೆದ್ದೆ ಅನ್ನಿಸಿತು.

೨೧ ಜನವರಿ ೨೦೦೬, ಶನಿವಾರ

ಮೂರು ದಿನ ಇದೆ ಇನ್‌ಸ್ಪೆಕ್ಷನ್‌ಗೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಲ್ಯಾಬ್ ಇರಬೇಕು, ಲೈಬ್ರರಿ ಇರಬೇಕು — ರೂಲು. ನಮ್ಮ ಲ್ಯಾಬ್ ಅಂದರೆ ಒಂದು ಬೀರು, ಅದರೊಳಗೆ ಎರಡು ಬೀಕರು. ಲೈಬ್ರರಿ ಅಂದರೆ ಮೆಟ್ಟಿಲ ಕೆಳಗಿನ ಒಂದು ಶೆಲ್ಫು. ಹೆರಾಲ್ಡ್ ಹೇಳಿದರು: “ಸಾಲ ತರೋಣ. ಮದುವೆ ಮನೆಗೆ ಪಕ್ಕದ ಮನೆಯಿಂದ ಪಾತ್ರೆ ತರುದಿಲ್ವಾ, ಹಾಗೆ.” ಮೈಕ್ರೋಸ್ಕೋಪು ಅವರ ಕ್ಲಿನಿಕ್ಕಿನದು, ಸೋಮವಾರ ಬರುತ್ತದಂತೆ. ಹಲ್ಲಿನ ಸೆಟ್ಟು ಸಮೇತ ಒಂದು ದವಡೆಯನ್ನು ಆಗಲೇ ಕಳಿಸಿದ್ದಾರೆ, ಬಯಾಲಜಿ ಮಾಡೆಲ್ ಅಂತೆ. ಪುಸ್ತಕ ಎಲ್ಲರ ಮನೆಯಿಂದ — ನನ್ನ ಕನ್ನಡ ಕಾದಂಬರಿಗಳು, ನಮ್ಮವರ ಟ್ರಾನ್ಸ್‌ಫಾರ್ಮರ್ ಮ್ಯಾನ್ಯುಯಲ್ಲುಗಳು, ಉಮಾವತಿಯ ಅಡುಗೆ ಪುಸ್ತಕ, ಕುಂಞಾಲಿಯ ಮಲಯಾಳಂ ವಾರಪತ್ರಿಕೆಗಳಿಗೆ ರಟ್ಟು ಹಾಕಿಸಿದ್ದು.

ದಿಶಾ ರಟ್ಟಿನ ಪೆಟ್ಟಿಗೆ ಹೊರುತ್ತಾ ಕೇಳಿದಳು, “ಅಮ್ಮ, ಇದು ಚೀಟಿಂಗ್ ಅಲ್ವಾ?”

“ಸಾಲ ಕಣೆ. ಆಮೇಲೆ ವಾಪಸ್ ಕೊಡ್ತೀವಲ್ಲ.”

“ಹಾಗಾದ್ರೆ ಅವರಿಗೂ ಸಾಲ ಅಂತ ಹೇಳಬಹುದಾ?”

“ಬಾಯಿ ಮುಚ್ಕೊಂಡು ಹೊರು.”

ಹೊತ್ತಳು.

೨೪ ಜನವರಿ, ಮಂಗಳವಾರ

ಕೋಪ ಇನ್ನೂ ಇಳಿದಿಲ್ಲ.

ಬಂದವರು ವಯಸ್ಸಾದವರು, ಬೂದು ಸ್ವೆಟರು, ರಿಟೈರ್ಡ್ ಪ್ರಿನ್ಸಿಪಾಲರಂತೆ. ಗ್ಯಾರೇಜು ನೋಡಿದರು. ಬಾತ್‌ಟಬ್ ನೋಡಿದರು. ಲೈಬ್ರರಿಯಲ್ಲಿ ಫಿಸಿಕ್ಸ್ ಪಕ್ಕ ಉಪ್ಪಿನಕಾಯಿ ಪುಸ್ತಕ ಕಂಡು ಅದನ್ನೇ ತೆಗೆದು ತಿರುವಿದರು. ಆಮೇಲೆ ಮಹಡಿ. ಎಂಟನೇ ಕ್ಲಾಸಿನಲ್ಲಿ ಮೇಜಿನ ಮೇಲೆ ಮೈಕ್ರೋಸ್ಕೋಪು. ಎದುರಿಗಿದ್ದವಳು ದಿಶಾ. ಎದುರಿಗೆ ಯಾವಾಗಲೂ ಅವಳೇ ತಾನೆ — ನಾನೇ ಕೂರಿಸಿದ್ದು.

“ಬೇಟಾ, ಇದರಲ್ಲಿ ಏನೇನು ನೋಡಿದೀಯ?” ಅಂದರು ಹಿಂದಿಯಲ್ಲಿ.

“ನಥಿಂಗ್ ಸರ್. ಇಟ್ ಕೇಮ್ ಯೆಸ್ಟರ್‌ಡೇ.”

ಹೆರಾಲ್ಡ್ ಕೆಮ್ಮಿದರು. ಅಕ್ಷಯಾ ತಲೆ ತಗ್ಗಿಸಿದಳು. ಆತ ‘ಅಚ್ಛಾ’ ಅಂದರು ಅಷ್ಟೇ. ಬಗ್ಗಿ ತಾವೇ ಕಣ್ಣಿಟ್ಟು ನೋಡಿದರು. ಏನೂ ಇರಲಿಲ್ಲ ಅದರಲ್ಲಿ. “ಕೆಳಗೆ ಅಡುಗೆಮನೆ ಇದೆಯಲ್ಲ, ಒಂದು ಈರುಳ್ಳಿ ತರಿಸಿ.”

ಈರುಳ್ಳಿ ಬಂತು. ಸ್ವೆಟರ್ ತೋಳು ಮೇಲೆ ಸರಿಸಿ, ತಾವೇ ಪೊರೆ ಬಿಡಿಸಿ ಗಾಜಿನ ಮೇಲಿಟ್ಟು, ಎಂಟೂ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದರು. ಊಟದ ಹೊತ್ತು ಮೀರಿತು. ಹೆರಾಲ್ಡ್ ತರಿಸಿದ್ದ ಬಿರಿಯಾನಿ ಕೆಳಗೆ ಆರುತ್ತಿತ್ತು. ದಿಶಾ ಕಣ್ಣಿಟ್ಟವಳು ಕಿರುಚಿದಳು: “ಅಮ್ಮ — ಮಿಸ್! ಇಟ್ಟಿಗೆ ಗೋಡೆ ಥರ ಇದೆ! ಎಷ್ಟು ಕ್ಲಿಯರ್ ಆಗಿ ಕಾಣತ್ತೆ!” ಎಳೆದರೂ ಬರಲೊಲ್ಲಳು.

ಹೊರಡುವಾಗ ಆತ ನನ್ನನ್ನು ಕೇಳಿದರು, ಆ ಹುಡುಗಿ ನಿಮ್ಮ ಮಗಳೇ ಅಂತ. ಹೌದು ಅಂದೆ. ತಲೆ ಆಡಿಸಿದರು. ಹೇಗೆ ಆಡಿಸಿದರು ಅಂತ ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ. ಮೇಲೆ ಕೆಳಗಾ? ಆಚೆ ಈಚೆಯಾ?

ಮನೆಗೆ ಬಂದು ಹಿಡಿದುಕೊಂಡೆ. “ಬೇಕೂಂತಲೇ ಹೇಳಿದ್ಯಾ?”

“ಅವರು ಕೇಳಿದ್ರು. ಹೇಳ್ದೆ.”

“ಒಂಬತ್ತನೇ ಕ್ಲಾಸ್ ಕೈ ತಪ್ಪಿ ಹೋದ್ರೆ?”

“ಹೋದ್ರೆ ಹೋಗ್ಲಿ.”

ಬಾಗಿಲು ಹಾಕಿಕೊಂಡಳು.

೩ ಫೆಬ್ರವರಿ, ಶುಕ್ರವಾರ

ದಿಲ್ಲಿಯಿಂದ ಸುದ್ದಿ ಇಲ್ಲ. ಬೀರುವಿನ ಸಾಮಾನೆಲ್ಲ ಕೆಳಗಿಳಿಸಿ ಒರೆಸಿದೆ. ಬಾರದ ಒಂಬತ್ತನೇ ಕ್ಲಾಸಿಗೆ ಟೈಂಟೇಬಲ್ ಹಾಕಿದೆ, ಹರಿದೆ, ಮತ್ತೆ ಹಾಕಿದೆ. ನಮ್ಮವರು ಪೇಪರಿನ ಹಿಂದಿನಿಂದ, ತಮ್ಮ ಹೆಸರನ್ನೇ ಹೇಳಿ, “ರಾಜಗೋಪಾಲನ ಹೆಂಡತಿಗೆ ಕರೆಂಟ್ ಹೊಡೆದಿದೆ ಅಂತ ಪಕ್ಕದ ಮನೆಯವರು ಅಂದ್ಕೋತಾರೆ, ಸ್ವಲ್ಪ ಕೂತ್ಕೊ” ಅಂದರು. ಪವರ್ ಸ್ಟೇಷನ್ನಿನವರಿಗೆ ಬೇರೆ ಏನು ಹೋಲಿಕೆ ಸಿಗುತ್ತೆ.

ಮಸ್ಕತ್ತಿನಿಂದ ಚೇತನ್ ಫೋನ್ ಮಾಡಿದ್ದ — ನನ್ನ ಮೈದುನ. ಅಲ್ಲಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಮನೆ. ಅವನ ಮಗಳು ಸಿಂಚನಾಗೂ ದಿಶಾಗೂ ಒಂದೇ ವಯಸ್ಸು. ಇಬ್ಬರೂ ಗುಸುಗುಸು ಮಾತಾಡಿಕೊಂಡರು. ಫೋನಿಟ್ಟು ಬಂದವಳು ನನ್ನೆದುರು ನಿಂತಳು.

“ಅಮ್ಮ, ಐ ವಾಂಟ್ ಟು ಗೋ ಟು ಸಿಂಚನಾಸ್ ಸ್ಕೂಲ್. ಅವಳ ಕ್ಲಾಸಲ್ಲಿ ನಲವತ್ತು ಜನ ಅಂತೆ. ಫೋರ್ಟಿ! ಮಿಸ್‌ಗೆ ಎಲ್ಲರ ಹೆಸರೂ ಗೊತ್ತಿರಲ್ಲ.”

ಸ್ವರ್ಗದ ಸುದ್ದಿ ಹೇಳಿದ ಹಾಗೆ ಹೇಳಿದಳು.

“ಹೆಸರು ಗೊತ್ತಿಲ್ಲದ ಮಿಸ್ ಬೇಕಾ ನಿನಗೆ?”

“ಹ್ಞೂಂ.” ಆಮೇಲೆ ಕಟ್ಟೆ ಒಡೆಯಿತು. “ಥರ್ಡ್‌ನಿಂದ ನಾನೇ ಎಕ್ಸಾಂಪಲ್. ದಿಶಾನ್ನ ನೋಡಿ ಕಲೀರಿ, ದಿಶಾ ಹೇಗೆ ನಿಂತಿದಾಳೆ ನೋಡಿ, ದಿಶಾ ಇಲ್ಲೇ ಓದ್ತಾಳೆ ಅಂದ್ಮೇಲೆ ನಿಮಗೇನು. ಸ್ಕೂಲಲ್ಲೂ ನೀನೇ, ಮನೇಲೂ ನೀನೇ. ನಂಗೆ ಒಂದ್ಸಲ ಲಾಸ್ಟ್ ಬೆಂಚಲ್ಲಿ ಕೂತ್ಕೋಬೇಕು ಅಮ್ಮ. ಸುಮ್ನೆ. ಯಾರಿಗೂ ಕಾಣದೆ. ನಮ್ಮ ಸ್ಕೂಲಲ್ಲಿ ಲಾಸ್ಟ್ ಬೆಂಚೇ ಇಲ್ಲ.”

ಮೊದಲು ನಗು ಬಂತು. ಎರಡೇ ಬೆಂಚಿನ ಕ್ಲಾಸು, ನಿಜ. ಆಮೇಲೆ ಸಿಟ್ಟು. ಯಾರಿಗೋಸ್ಕರ ಕಟ್ಟಿದ್ದು ಇದನ್ನೆಲ್ಲ? ಹೋಗೋದಿಲ್ಲ ಅಂದರೆ ಹೋಗೋದಿಲ್ಲ. ಖಲಾಸ್.

ನಮ್ಮವರು ಪೇಪರ್ ಮಡಿಸಿದರು. “ಅವಳಿಗೋಸ್ಕರ ಕಟ್ಟಿದ್ದು ಅಂತ ಊರಿಗೆಲ್ಲ ಹೇಳ್ತೀಯ. ಅವಳನ್ನ ಒಂದು ಸಲ ಕೇಳಿದ್ಯಾ?”



೧೬ ಫೆಬ್ರವರಿ, ಗುರುವಾರ

ಆನ್ಯುಯಲ್ ಡೇ. ಕ್ಲಬ್ಬಿನ ಹಾಲು ತುಂಬಿತ್ತು. ವಿಲ್ಲಾ ಮಾಲೀಕರೂ ಬಂದಿದ್ದರು, ಮೊಮ್ಮಕ್ಕಳ ಜೊತೆ. ಮೊದಲ ವರ್ಷ ಇದೇ ಫಂಕ್ಷನ್ನು ಗ್ಯಾರೇಜಿನಲ್ಲಿ ಆಗಿತ್ತು, ಮಕ್ಕಳಿಗಿಂತ ಕುರ್ಚಿ ಜಾಸ್ತಿ. ಎದೆ ಉಬ್ಬಲಿಲ್ಲ ಅಂದರೆ ಸುಳ್ಳು.

ದಿಶಾ — ಸ್ವಾಗತ, ಪ್ರೇಯರ್, ನಿರೂಪಣೆ, ಡಾನ್ಸು, ನಾಟಕದಲ್ಲಿ ರಾಜ, ಕೊನೆಗೆ ವಂದನಾರ್ಪಣೆ. ಮೈಕಿನಲ್ಲಿ ಅವಳ ದನಿ ಕೇಳಿಸುತ್ತಿರಲಿಲ್ಲ. ಹಾಲಿನ ಹಿಂದೆ ನಿಂತು ಜೋರಾಗಿ, ಜೋರಾಗಿ ಅಂತ ಎರಡೂ ಕೈ ಬೀಸಿದೆ. ನನ್ನ ಕಡೆಗೇ ನೋಡುತ್ತಿದ್ದಾಳೆ, ನೋಡದವಳ ಹಾಗೆ! ಮತ್ತೂ ಬೀಸಿದೆ. ಅದೇ ಖಾಲಿ ಮುಖ. ಇಷ್ಟು ಹಟವಾ ಅಮ್ಮನ ಮೇಲೆ? ಅಷ್ಟು ಜನರ ನಡುವೆ ಕಣ್ಣು ತುಂಬಿತು ನನಗೆ.

ಬೈಯಲೇಬೇಕು ಅಂತಲೇ ಸ್ಟೇಜ್ ಹಿಂದೆ ಹೋದೆ. ಡ್ರೆಸ್ಸುಗಳ ರಾಶಿಯ ಮೇಲೆ ನಿದ್ದೆ ಹೋಗಿದ್ದಳು. ರಾಜನ ಮೀಸೆ ಅರ್ಧ ಅಳಿಸಿದೆ. ಮಡಿಲಲ್ಲಿ ಎಲ್‌ಕೆಜಿ ಮಕ್ಕಳ ರಟ್ಟಿನ ಕಿರೀಟಗಳು, ಮುರಿಯದ ಹಾಗೆ ಒಂದರೊಳಗೊಂದು ಜೋಡಿಸಿಟ್ಟುಕೊಂಡಿದ್ದಾಳೆ. ನಿದ್ದೆಯಲ್ಲೂ ಅವನ್ನು ಕೈಯಿಂದ ಹಿಡಿದುಕೊಂಡೇ ಇದ್ದಾಳೆ. ಎಂಟನೇ ಕ್ಲಾಸಿನ ಹುಡುಗಿಯ ಹಾಗೆ ಕಾಣಲಿಲ್ಲ. ಹತ್ತು ಮಕ್ಕಳನ್ನು ಸಾಕಿ ದಣಿದ ಅಜ್ಜಿಯ ಹಾಗೆ ಕಂಡಳು.

ಬೈಯಲಿಲ್ಲ. ಎಬ್ಬಿಸಲೂ ಇಲ್ಲ. ಅವರಪ್ಪ ಎತ್ತಿಕೊಂಡು ಹೋಗಿ ಕಾರಿನಲ್ಲಿ ಮಲಗಿಸಿದರು.

೭ ಮಾರ್ಚ್, ಮಂಗಳವಾರ

ಬಂತು!! ಫ್ಯಾಕ್ಸು. ಒಂಬತ್ತನೇ ಕ್ಲಾಸ್ ಸ್ಯಾಂಕ್ಷನ್. ಸದ್ಯಕ್ಕೆ ಒಂದು ವರ್ಷ, ಅಷ್ಟರಲ್ಲಿ ಸ್ವಂತ ಲ್ಯಾಬ್ ಆಗಬೇಕು. ಹೆರಾಲ್ಡ್ ಪೇಷೆಂಟಿನ ಬಾಯಿ ತೆರೆಸಿಟ್ಟೇ ಓಡಿ ಬಂದರಂತೆ. ಸ್ಟಾಫ್ ರೂಮಿನ ಒಲೆಯ ಮುಂದೆ ನಿಂತು ಅತ್ತರು. ಹಿತ್ತಿಲಿಗೆ ಪೋರ್ಟಾಕ್ಯಾಬಿನ್ ಆರ್ಡರ್ ಆಯಿತು — ಲಾರಿಯಲ್ಲಿ ತಂದು ಇಡುವ ಕೋಣೆ, ಉದ್ದದ್ದು, ಹೊಸ ಬೆಂಚು ಐದು ಸಾಲು ಹಿಡಿಸುವಂಥದ್ದು. ಮುಂದಿನ ವರ್ಷ ಹತ್ತನೇ ಕ್ಲಾಸು. ಆಮೇಲೆ ಸ್ವಂತ ಜಾಗ. ಹೆರಾಲ್ಡ್ ಆಗಲೇ ಬಲದಿಯಾ, ಅಂದರೆ ಮುನಿಸಿಪಾಲಿಟಿ ಆಫೀಸಿನಲ್ಲಿ ಯಾರನ್ನು ಹಿಡಿಯಬೇಕು ಅಂತ ಲೆಕ್ಕ ಹಾಕುತ್ತಿದ್ದಾರೆ.

ಕೊಗ್ಗ ರಸಗುಲ್ಲ ಡಬ್ಬಿ ಹಿಡಿದು ಬಂದರು. ಉಮಾವತಿ, “ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಮಿಸ್” ಅಂತ ಹಾಕಿಯೇ ಬಿಟ್ಟಳು.

ದಿಶಾ ಕೈ ಕುಲುಕಿದಳು. “ಕಂಗ್ರಾಟ್ಸ್, ಮಿಸ್.” ಮನೆಯಲ್ಲಿ. ಅಡುಗೆಮನೆಯಲ್ಲಿ. ಮಿಸ್ ಅಂತೆ. ಅಲ್ಲಿಗೆ ರಸಗುಲ್ಲದ ಸಿಹಿ ಎಲ್ಲ ಇಳಿದು ಹೋಯಿತು.

೧೭ ಮಾರ್ಚ್, ಶುಕ್ರವಾರ

ಸಿಂಚನಾಳ ಸ್ಕೂಲಿಗೇ ಹೋಗಲಿ ಅಂದೆ. ಅಡುಗೆಮನೆಯಲ್ಲಿ ಕೇಳಿದ ಆ ‘ಮಿಸ್’ ಕಿವಿಯಿಂದ ಹೋಗಲೇ ಇಲ್ಲ.

ಒಪ್ಪಿಕೊಂಡೆ ಅಂತ ಬರೆಯುವುದಕ್ಕೆ ಹತ್ತು ದಿನ ಬೇಕಾಯಿತು. ದಿಶಾ ಕುಣಿಯಲಿಲ್ಲ. ಬಂದು ನನ್ನ ಬೆನ್ನಿಗೆ ಮುಖ ಇಟ್ಟು ನಿಂತಳು, ಚಪಾತಿ ಲಟ್ಟಿಸುತ್ತಿದ್ದಾಗ. ಬೆನ್ನು ಒದ್ದೆ ಆಯಿತು.

ಚೇತನ್ ಫೋನಿನಲ್ಲಿ: “ಅತ್ತಿಗೆ, ನೀವೂ ಬಂದ್ಬಿಡಿ. ಒಂದು ರೂಮು ಖಾಲಿ ಇದೆ. ಮ್ಯಾತ್ಸ್ ಟೀಚರು ಇಲ್ಲಿ ಎಲ್ಲ ಸ್ಕೂಲಿಗೂ ಬೇಕು. ಅಣ್ಣ ಗುರುವಾರ ಶುಕ್ರವಾರ ಬಂದು ಹೋಗಲಿ.” ನಮ್ಮವರನ್ನು ನೋಡಿದೆ. ನಿನ್ನಿಷ್ಟ ಅಂದರು. ಹೋಗಬಹುದು. ಮಗಳ ಜೊತೆ ಇರಬಹುದು. ಯಾರೂ ತಪ್ಪು ಅನ್ನುವುದಿಲ್ಲ, ಎಲ್ಲ ತಾಯಂದಿರೂ ಅದನ್ನೇ ಮಾಡುತ್ತಾರೆ.

ಉಮಾವತಿಗೆ ಏನು ಹೇಳಲಿ?

೨೪ ಮಾರ್ಚ್, ಶುಕ್ರವಾರ

ಹೇಳಿ ಬಂದೆ. ಅದೇ ಸೋಫಾ.

ಉಮಾವತಿಗೆ ಮೊದಲು ಅರ್ಥವೇ ಆಗಲಿಲ್ಲ. ತಮಾಷೆ ಅಂದುಕೊಂಡಳು. ಆಮೇಲೆ ಮುಖ ಕೆಂಪಾಯಿತು.

“ದಿಶಾ ಎಲ್ಲಿಯೋ ಅಕ್ಷಯಾನೂ ಅಲ್ಲೇ. ಇದು ಯಾರು ಹೇಳಿದ್ದು ಮಿಸ್? ಇಲ್ಲಿ ಕೂತು, ಈ ಸೋಫಾದಲ್ಲಿ ಕೂತು ಹೇಳಿದ್ದು ನೀವು. ನಿಮ್ಮ ಮಾತು ನಂಬಿ ಅಲ್ವಾ ನಾನು ಅಣ್ಣನಿಗೆ ಮನೆ ಬೇಡ ಹೇಳಿದ್ದು? ಸೀಟೂ ಹೋಯ್ತು. ಈಗ ನೀವು ಮಗಳನ್ನು ಕರ್ಕೊಂಡು ಮಸ್ಕತ್ತಿಗೆ ಹೋಗುದು. ನಿಮಗೆ ಅಲ್ಲಿ ಮೈದುನ ಇದ್ದಾರೆ. ನಮಗೆ ಯಾರು ಉಂಟು?”

ಒಂದೊಂದು ಮಾತೂ ಸರಿ.

“ನಾನು ಹೋಗಲ್ಲ,” ಅಂದೆ.

“ಎಂತ?”

“ದಿಶಾ ಹೋಗ್ತಾಳೆ. ನಾನು ಇಲ್ಲೇ ಇರ್ತೀನಿ. ಅಕ್ಷಯಾ ಹತ್ತನೇ ಕ್ಲಾಸ್ ಬರೆಯೋವರೆಗೂ.”

ಬಾಯಿಂದ ಬಂದ ಮೇಲೆಯೇ ನನಗೂ ಗೊತ್ತಾಗಿದ್ದು. ಮನೆಯಿಂದ ಹೊರಡುವಾಗ ಹಾಗಂತ ಏನೂ ಅಂದುಕೊಂಡಿರಲಿಲ್ಲ.

“ಮಗಳನ್ನು ಬಿಟ್ಟಾ?”

“ಹ್ಞೂಂ.”

ಕೊಗ್ಗ ನನ್ನ ಕಡೆ ತಿರುಗಿದರು. “ಇದೆಂಥ ಕತೆ ಮಾರಾಯ್ರೆ,” ಅಂದರು ಮೆಲ್ಲಗೆ. “ನಮ್ಮ ಮನೆ ಒಡೀಬಾರ್ದು ಅಂತ ನಿಮ್ಮ ಮನೆ...”

ಉಮಾವತಿ ಎದ್ದು ಬಾಗಿಲು ತೆಗೆದಳು. “ನೀವು ಈಗ ಹೋಗಿ ಮಿಸ್.”

ಕಾಫಿಯನ್ನೂ ಕೇಳಲಿಲ್ಲ. ಅವಳ ಮನೆಯಲ್ಲಿ ಇದೇ ಮೊದಲು.

೩೧ ಮಾರ್ಚ್, ಶುಕ್ರವಾರ

ಮಸ್ಕತ್ತಿನಿಂದ ವಾಪಸ್. ದಿಶಾಳನ್ನು ಬಿಟ್ಟು. ದಾರಿಯಲ್ಲಿ ನಿಜ್ವಾ ಊರು ದಾಟಿತು. ಆಮೇಲೆ ಇವರು, “ಟೀ?” ಅಂದರು. ಬೇಡ ಅಂದೆ. ನಿಲ್ಲಿಸಿದರು. ಕುಡಿದೆವು.

ಮನೆಯಲ್ಲಿ ಟಿವಿ ಮುಂದೆ ಅವಳ ದಿಂಬು ಇನ್ನೂ ಅಲ್ಲೇ ಬಿದ್ದಿದೆ. ತೆಗೆಯಲು ಮನಸ್ಸಿಲ್ಲ. ಉಮಾವತಿ ಇನ್ನೂ ಮಾತಾಡಿಲ್ಲ. ಇನ್ನಿಬ್ಬರು ತಾಯಂದಿರು ಫೋನ್ ಮಾಡಿ, “ಅಕ್ಷಯಾ ಬರ್ತಾಳಾ?” ಅಂತ ಕೇಳಿದರು. ಅವಳು ಬಂದರೆ ಇವರು, ಇಲ್ಲದಿದ್ದರೆ ಇಲ್ಲ. ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ.

೧ ಏಪ್ರಿಲ್, ಶನಿವಾರ

ಬಸ್ಸು ಲೇಟು. ಗೇಟಿನಲ್ಲಿ ನಿಂತು ನಿಂತು ಉಗುರು ಕಚ್ಚಿದೆ. ಒಂಟೆಗೆ ಶಾಪ ಹಾಕಿದೆ.

ಬಂತು. ಚಿಕ್ಕವರೆಲ್ಲ ಇಳಿದರು. ಕುಂಞಾಲಿ ನನ್ನನ್ನು ನೋಡಿ ಒಂಥರಾ ನಕ್ಕ. ಕೊನೆಗೆ ಅಕ್ಷಯಾ ಇಳಿದಳು. ಅವಳ ಹಿಂದೆ, ಸೀರೆ ಎತ್ತಿ ಹಿಡಿದುಕೊಂಡು — ಉಮಾವತಿ!

“ಗಣಿತ ನೀವೇ ಮಾಡುದಾ ಅಂತ ನೋಡ್ಲಿಕ್ಕೆ ಬಂದದ್ದು,” ಅಂದಳು. ನನ್ನ ಮುಖ ನೋಡದೆ ಪೋರ್ಟಾಕ್ಯಾಬಿನ್ನಿಗೆ ನಡೆದಳು.

ಹೊಸ ಪೇಂಟಿನ ವಾಸನೆ. ಉದ್ದಕ್ಕೆ ಐದು ಸಾಲು ಬೆಂಚು. ಮಕ್ಕಳು ಐದೇ, ಅಭ್ಯಾಸಬಲದಿಂದ ಮುಂದಿನ ಎರಡರಲ್ಲೇ ಒತ್ತಿಕೊಂಡು ಕೂತವು. ಉಮಾವತಿ ಹೋಗಿ ಕೊನೇ ಬೆಂಚಿನಲ್ಲಿ ಕೂತಳು, ತೊಡೆಯ ಮೇಲೆ ವ್ಯಾನಿಟಿ ಬ್ಯಾಗು. ಸಂಖ್ಯಾಪದ್ಧತಿ ಶುರು ಮಾಡಿದೆ. ಮೊದಲ ಸಾಲನ್ನೇ ಎರಡು ಸಲ ಒರೆಸಿ ಬರೆದೆ, ಯಾವ ಇನ್‌ಸ್ಪೆಕ್ಟರ ಮುಂದೆಯೂ ಹಾಗೆ ಮಾಡಿದವಳಲ್ಲ.

ಬೆಲ್ ಹೊಡೆಯಿತು. ಎದ್ದು ಬಂದಳು.

“ನನಗೆ ಎಂತದೂ ಅರ್ಥ ಆಗ್ಲಿಲ್ಲ,” ಅಂದಳು. “ಒಳ್ಳೇದೇ ಇರ್ಬೇಕು.”

ಬಾಗಿಲ ತನಕ ಹೋಗಿ ತಿರುಗಿದಳು. “ದಿಶಾ ಊಟ ಸರಿ ಮಾಡ್ತಾಳಾ ಅಲ್ಲಿ?”

ತಲೆ ಆಡಿಸಿದೆ, ಆ ದಿಲ್ಲಿಯವರ ಹಾಗೆ. ಮಧ್ಯಾಹ್ನದ ಹೊತ್ತಿಗೆ ಆ ಇನ್ನಿಬ್ಬರು ತಾಯಂದಿರೂ ಫೀಸಿನ ವಿಷಯ ಕೇಳಿ ಫೋನ್ ಮಾಡಿದರು. ಅಲ್ಲಿಗೆ ಏಳೂ ಮಕ್ಕಳು. ಉಳಿಯಿತು ಕ್ಲಾಸು.

೫ ಏಪ್ರಿಲ್, ಬುಧವಾರ, ಸಂಜೆ

ದಿಶಾ ಫೋನ್. ದನಿಯಲ್ಲೇ ಕುಣಿತ. “ಅಮ್ಮ! ಲಾಸ್ಟ್ ಬೆಂಚ್ ಸಿಕ್ತು! ಗೋಡೆಗೆ ಒರಗಿಕೊಂಡು ಕೂತ್ಕೋಬಹುದು!”

“ಮಿಸ್‌ಗೆ ಹೆಸರು ಗೊತ್ತಾ?”

“ಇಲ್ಲ! ನಿಶಾ ಅಂತಾರೆ!”

ಇಬ್ಬರೂ ನಕ್ಕೆವು. ಎಷ್ಟು ದಿನವಾಗಿತ್ತು. ಆಮೇಲೆ ಅವಳು, ಏನೋ ಮರೆತದ್ದು ನೆನಪಾದ ಹಾಗೆ: “ಆದ್ರೆ ಅಮ್ಮ, ಅಲ್ಲಿಂದ ಬೋರ್ಡ್ ಕಾಣಲ್ಲ. ಎಲ್ಲ ಮಂಜು ಮಂಜು. ಪಕ್ಕದವಳಿಗೆ ಕಾಣತ್ತಂತೆ. ಚಿಕ್ಕಪ್ಪ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರು. ಮೈನಸ್ ಎರಡೂವರೆ. ಎಷ್ಟು ವರ್ಷದಿಂದ ಹೀಗೆ ಅಂತ ಕೇಳಿದ್ರು. ಐ ಸೆಡ್ ಐ ಡೋಂಟ್ ನೋ. ಎಲ್ಲರಿಗೂ ದೂರದ್ದು ಹೀಗೇ ಕಾಣತ್ತೆ ಅಂದ್ಕೊಂಡಿದ್ದೆ.”



ಟಿವಿ ಮುಂದಿನ ಮೂಗು. ಬಾಲ್ ಬಂದು ಮುಖಕ್ಕೇ ಬಡಿಯುತ್ತೆ, ಥ್ರೋಬಾಲ್ ಬೇಡ ಅಂತಿದ್ದದ್ದು. ಆನ್ಯುಯಲ್ ಡೇ... ಎರಡೂ ಕೈ ಬೀಸಿದೆನಲ್ಲ, ಹಟಮಾರಿ ಅಂದುಕೊಂಡೆನಲ್ಲ. ಅವಳಿಗೆ ನಾನು ಕಂಡೇ ಇರಲಿಲ್ಲ. ಅಷ್ಟು ಜನರ ಮಂಜಿನ ಕಡೆ ನೋಡಿಕೊಂಡು ಒಬ್ಬಳೇ ವಂದನಾರ್ಪಣೆ ಮಾಡುತ್ತಿದ್ದಳು ನನ್ನ ಮಗು. ಆರು ವರ್ಷ ಮೊದಲನೇ ಬೆಂಚಿನಲ್ಲಿ ಕೂರಿಸಿಕೊಂಡೆ, ಮೂಗಿನ ತುದಿಗೆ ಬೋರ್ಡು ಇಟ್ಟೆ. ಅವಳ ಅಕ್ಷರ, ಅವಳ ಮಾರ್ಕ್ಸು, ಅವಳ ನಿಂತ ಭಂಗಿ — ಎಲ್ಲ ಗೊತ್ತಿತ್ತು. ಕಣ್ಣು ಗೊತ್ತಿರಲಿಲ್ಲ.

“ಅಮ್ಮ? ಅಳ್ತಿದೀಯಾ? ಕನ್ನಡಕ ಚೆನ್ನಾಗಿದೆ ಅಮ್ಮ, ನೀಲಿ ಫ್ರೇಮು.”

“ಹಾಕ್ಕೊಂಡು ಮೊದಲು ಏನು ನೋಡಿದೆ?”

“ಗುಡ್ಡ. ಚಿಕ್ಕಪ್ಪನ ಮನೆ ಹಿಂದಿನ ಗುಡ್ಡ. ಅದು ಒಂದೇ ಮುದ್ದೆ ಅಂದ್ಕೊಂಡಿದ್ದೆ. ಕಲ್ಲು ಕಲ್ಲು ಬೇರೆ ಬೇರೆ ಇದೆ ಅಮ್ಮ!”

೮ ಏಪ್ರಿಲ್, ಶನಿವಾರ, ಎರಡನೇ ಪಿರಿಯಡ್

ಗುರುವಾರ ಶುಕ್ರವಾರ ಎರಡೂ ದಿನ ಒಂದೇ ಯೋಚನೆ. ಬೆಳಿಗ್ಗೆ ಅಸೆಂಬ್ಲಿ ಮುಗಿದದ್ದೇ ಮೂರನೇ ಕ್ಲಾಸಿನಿಂದ ಹಿಡಿದು ಎಲ್ಲರನ್ನೂ ಪೋರ್ಟಾಕ್ಯಾಬಿನ್ನಿಗೆ ಸಾಲು ಹಚ್ಚಿದೆ. ಒಬ್ಬೊಬ್ಬರೇ ಕೊನೇ ಬೆಂಚಿಗೆ ಹೋಗಿ ನಿಂತು ಬೋರ್ಡು ಓದಬೇಕು. ಮಕ್ಕಳಿಗೆ ಹೊಸ ಆಟ ಅಂತ ಖುಷಿ. ಹೆರಾಲ್ಡ್ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಇಣುಕಿ, “ಇದು ಯಾವ ರೂಲು?” ಅಂದರು. ನಮ್ಮದೇ ರೂಲು ಅಂದೆ.

ಚಿಕ್ಕವರು ಪಟಪಟ ಓದಿದರು. ಆರನೇ ಕ್ಲಾಸಿನ ಒಬ್ಬ ತಡವರಿಸಿದ, ಹೆಸರು ಗುರುತು ಹಾಕಿಕೊಂಡೆ. ಕೊನೆಗೆ ಒಂಬತ್ತನೇ ಕ್ಲಾಸು. ಬರೆಯಲು ಬೇರೆ ಹೊಳೆಯದೆ ಯಾರ ಸರದಿಯೋ ಅವರ ಹೆಸರನ್ನೇ ಬರೆಯುತ್ತಾ ಹೋದೆ. ಹೆಸರು ಕಂಡವರು ಬಾಯಿಬಿಟ್ಟು ಓದದೆಯೇ ನಕ್ಕು ಕೂತರು.

ಅಕ್ಷಯಾ ಹೋಗಿ ಅವರಮ್ಮ ಕೂತ ಜಾಗದಲ್ಲೇ ನಿಂತಳು. ಅವಳ ಹೆಸರು ದೊಡ್ಡದಾಗಿ ಬರೆದು ಪಕ್ಕಕ್ಕೆ ಸರಿದೆ. ಓದು ಅಂದೆ. ಕಣ್ಣು ಕಿರಿದು ಮಾಡಿದಳು. ಉಳಿದವರ ಮುಖ ನೋಡಿದಳು. ಆಮೇಲೆ ನಗುನಗುತ್ತಾ, ಒಂದು ತಪ್ಪೂ ಇಲ್ಲದೆ, ಬುಧವಾರದ ಪಾಠದ ವ್ಯಾಖ್ಯೆಯನ್ನು ಗಡಗಡ ಒಪ್ಪಿಸಿಬಿಟ್ಟಳು.

ಬೋರ್ಡಿನ ಮೇಲಿನ ತನ್ನ ಹೆಸರೇ ಅವಳಿಗೆ ಕಂಡಿರಲಿಲ್ಲ. ನಾನು, “ವೆರಿ ಗುಡ್, ಕೂತ್ಕೊ” ಅಂದೆ. ಬೋರ್ಡು ಒರೆಸಿದೆ. ಉಮಾವತಿಗೆ ಫೋನ್ ಮಾಡಿದೆ, ಸ್ವಲ್ಪ ಬರ್ತೀರಾ ಅಂತ. ಹೆದರಿದಳು. ಕುಂಞಾಲಿಯನ್ನೇ ಕಳಿಸಿದೆ.

ಮಕ್ಕಳಿಗೆ ಲೆಕ್ಕ ಕೊಟ್ಟು ಇಲ್ಲಿ ಕೊನೇ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಎಲ್ಲರ ಬೆನ್ನು ಕಾಣುತ್ತದೆ. ಅಕ್ಷಯಾಳ ಬೆನ್ನು ಪುಸ್ತಕದ ಮೇಲೆ ಎಷ್ಟು ಬಾಗಿದೆ — ದಿಶಾಳದೂ ಹೀಗೇ ಬಾಗಿರುತ್ತಿತ್ತು, ಶ್ರದ್ಧೆ ಅಂದುಕೊಂಡಿದ್ದೆ.

ಗೇಟಿನಲ್ಲಿ ಹಾರ್ನು. ಉಮಾವತಿ ಬಂದಳು. ಅವಳಿಗೆ ಮೊದಲು ಹೇಳಬೇಕಾದದ್ದು ಇಷ್ಟೇ — ಹೆದರಬೇಡಿ, ಅಕ್ಷಯಾಗೂ ಕನ್ನಡಕ ಬೇಕು, ನನ್ನ ದಿಶಾಗೆ ಬೇಕಾದ ಹಾಗೇ.